ಪ್ರೊಸೆಸರಿಗೆ ಡಬಲ್ ಲೋಡು

ಓದಿದವರಿಗೆ ಅಪಾಯ ಗೊತ್ತಾಗುತ್ತದೆ ಎಂಬುದು ಓದದವರ ನಂಬಿಕೆ. ಓದಿದವನಾಗಿ ನಾನು ಹೇಳುತ್ತೇನೆ ಕೇಳಿ: ನಮಗೆ ಅಪಾಯದ ವ್ಯಾಖ್ಯೆ ಗೊತ್ತಿರುತ್ತದೆ, ಅದರ ಸೂತ್ರ ಗೊತ್ತಿರುತ್ತದೆ, ಪರೀಕ್ಷೆಯಲ್ಲಿ ಬಂದರೆ ಅದಕ್ಕೆ ಎಷ್ಟು ಅಂಕ ಎಂಬುದೂ ಗೊತ್ತಿರುತ್ತದೆ. ಅದೇ ಅಪಾಯ ನಡುಮನೆಗೆ ಬಂದು ಎದುರಿಗೆ ನಿಂತಾಗ ಮಾತ್ರ ಗುರುತು ಸಿಗುವುದಿಲ್ಲ. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ನನ್ನ ಷಡ್ಡಕ ಎರ್ರಿಸ್ವಾಮಣ್ಣ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಒಂದು ಭಾನುವಾರ ಮಧ್ಯಾಹ್ನ ನನ್ನದೇ ಮನೆಯಲ್ಲಿ, ನನ್ನದೇ ಕಂಪ್ಯೂಟರಿನ ಮುಂದೆ, ನಾನು ನೋಡುತ್ತಿರುವಂತೆಯೇ ಸಾಯುವುದರಲ್ಲಿದ್ದ. ಅವನು ಬದುಕಿದ್ದಾನೆ, ಚೆನ್ನಾಗಿದ್ದಾನೆ, ಮೊದಲಿಗಿಂತ ಎರಡು ಸುತ್ತು ದಪ್ಪಗಾಗಿದ್ದಾನೆ. ಆದರೆ ಆ ಕೆಲವು ಸೆಕೆಂಡುಗಳು ಈಗಲೂ ನನ್ನ ತಲೆಯಲ್ಲಿ ಮತ್ತೆ ಮತ್ತೆ ಓಡುತ್ತವೆ. ಪಾಠ ಮಾಡುವಾಗ, ಊಟಕ್ಕೆ ಕುಳಿತಾಗ, ಸ್ವಿಚ್ಚಿಗೆ ಕೈ ಚಾಚಿದಾಗ ಓಡುತ್ತವೆ. ಪ್ರತಿ ಸಲ ಓಡಿದಾಗಲೂ ಅದರಲ್ಲಿ ನಾನು ಏನಾದರೂ ಮಾಡುತ್ತೇನೋ ಎಂದು ಆಸೆಯಿಂದ ಕಾಯುತ್ತೇನೆ. ಇದುವರೆಗೆ ಒಮ್ಮೆಯೂ ಏನನ್ನೂ ಮಾಡಿಲ್ಲ.

ಎರ್ರಿಸ್ವಾಮಣ್ಣ ಕುರುಗೋಡಿನವನು. ಗಣಿಯ ಅಬ್ಬರಕ್ಕೆ ಮುಂಚೆ ಯಾರದೋ ಲಾರಿಯ ಡ್ರೈವರ್ ಆಗಿದ್ದ. ಅದಿರಿನ ಕೆಂಪು ಮಣ್ಣು ಚೀನಾಕ್ಕೆ ಹೋಗಿ ಬಂಗಾರವಾದ ಮೇಲೆ ಮೂರು ಟಿಪ್ಪರುಗಳ ಮಾಲಕನಾದ. ಮಾಲಕನಾದ ದಿನದಿಂದ ಅವನಿಗೊಂದು ಕಷ್ಟ ಶುರುವಾಯಿತು. ಬಿಳಿ ಪ್ಯಾಂಟು, ಬಿಳಿ ಅಂಗಿ, ಕೊರಳಲ್ಲಿ ಎಮ್ಮೆಗೆ ಕಟ್ಟಬಹುದಾದಷ್ಟು ದಪ್ಪದ ಚೈನು ಹಾಕಿಕೊಂಡವನು ಸ್ಟಿಯರಿಂಗ್ ಹಿಡಿದರೆ ಜನ ಡ್ರೈವರ್ ಎಂದುಕೊಳ್ಳುತ್ತಾರೆ. ಹಾಗಾಗಿ ಅವನು ತನ್ನ ಲಾರಿಗಳನ್ನು ದೂರದಿಂದ ನೋಡಬೇಕಾಯಿತು. ಇಪ್ಪತ್ತು ವರ್ಷ ಗೇರು ಬದಲಿಸಿದ ಕೈ ಸುಮ್ಮನಿರುತ್ತದೆಯೇ? ಊಟ ಮಾಡುವಾಗಲೂ ಎಡಗೈ ಪಕ್ಕದಲ್ಲಿ ಏನನ್ನೋ ಹುಡುಕುತ್ತಿತ್ತು. ಆಗ ಅವನ ಕಣ್ಣಿಗೆ ಬಿದ್ದದ್ದು ನನ್ನ ಕಂಪ್ಯೂಟರಿನಲ್ಲಿದ್ದ ಲಾರಿ ಓಡಿಸುವ ಆಟ. ಬೆಂಗಳೂರಿನಿಂದ ಪ್ಲಾಸ್ಟಿಕ್ಕಿನ ಸ್ಟಿಯರಿಂಗನ್ನೂ ಕಾಲಲ್ಲಿ ಒತ್ತುವ ಪೆಡಲುಗಳನ್ನೂ ತರಿಸಿದ. ಅಂದಿನಿಂದ ಪ್ರತಿ ಭಾನುವಾರ ಕುರುಗೋಡಿನಿಂದ ದೊಡ್ಡ ಕಾರಿನಲ್ಲಿ, ಡ್ರೈವರನನ್ನು ಇಟ್ಟುಕೊಂಡು, ನನ್ನ ಮನೆಗೆ ಲಾರಿ ಓಡಿಸಲು ಬರತೊಡಗಿದ.

ಆ ಕಾಲದ ಬಳ್ಳಾರಿಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಯಾವುದೇ ವಸ್ತುವಿನ ಮೇಲೆ ಇಷ್ಟೇ ಎಂದು ಬರೆದಿದ್ದರೆ ಅದನ್ನು ಅವಮಾನ ಎಂದು ತಿಳಿಯುವ ಊರಾಗಿತ್ತು ಅದು. ಲಾರಿಯ ಬಾಗಿಲ ಮೇಲೆ ಬರೆದ ಟನ್ನು ಒಂದು, ಹೊರುವ ಟನ್ನು ಇನ್ನೊಂದು. ಆಟೋದವನು ಮೂರು ಜನರ ಜಾಗದಲ್ಲಿ ಹನ್ನೊಂದು ಜನರನ್ನು ಕೂರಿಸಿ, ತಾನು ಅರ್ಧ ಹೊರಗೆ ಕುಳಿತು ಓಡಿಸುತ್ತಿದ್ದ. ನನ್ನ ಕ್ಲಾಸಿನಲ್ಲಿ ಅರವತ್ತು ಹುಡುಗರ ಬೆಂಚಿನ ಮೇಲೆ ನೂರ ಹತ್ತು ಹುಡುಗರು ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಯಲ್ಲಿಟ್ಟು ಗುರುತ್ವಾಕರ್ಷಣೆ ಕಲಿಯುತ್ತಿದ್ದರು. ರಸ್ತೆ, ಸೇತುವೆ, ಆಸ್ಪತ್ರೆಯ ಮಂಚ, ಮನುಷ್ಯರ ಮಾತು, ಎಲ್ಲವೂ ಬರೆದದ್ದಕ್ಕಿಂತ ಹೆಚ್ಚೇ ಹೊತ್ತು ಓಡುತ್ತಿದ್ದವು. ಇವೆಲ್ಲದರ ಮೇಲೆ ಕೆಂಪು ಧೂಳು ಒಂದೇ ಸಮ ಕೂರುತ್ತಿತ್ತು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆಯನ್ನು ಸಂಜೆ ತೆಗೆದರೆ ಸನ್ಯಾಸಿಯ ಕಾವಿಯಾಗಿರುತ್ತಿತ್ತು. ಊರಿನಲ್ಲಿ ವೈರಾಗ್ಯ ಅಂತ ಕಂಡದ್ದು ಆ ಪಂಚೆಯ ಬಣ್ಣದಲ್ಲಿ ಮಾತ್ರ. ಇಂಥ ಊರಿನಲ್ಲಿ ಒಂದು ಕಂಪ್ಯೂಟರ್ ಮಾತ್ರ ಕಂಪನಿ ಹೇಳಿದಷ್ಟೇ ವೇಗದಲ್ಲಿ ಓಡಿಕೊಂಡಿರುತ್ತೇನೆ ಎಂದರೆ ಯಾರು ಬಿಡುತ್ತಾರೆ?

ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ಸಿರುಗುಪ್ಪದ ಖಾಜಾಸಾಬರು. ಭತ್ತದ ಗದ್ದೆಗಳ ಪಂಪ್‌ಸೆಟ್ ರಿಪೇರಿಯಿಂದ ಶುರುಮಾಡಿ, ರೇಡಿಯೊ, ಟಿ.ವಿ. ದಾಟಿ ಕಂಪ್ಯೂಟರಿಗೆ ಬಂದ ಕಸುಬುದಾರರು. ನಮ್ಮತ್ತೆ ಹಂಪಮ್ಮನವರ ಓಣಿಯವರು. ಅತ್ತೆಯನ್ನು ಅಕ್ಕ ಎನ್ನುತ್ತಾರೆ. ಕಂಪ್ಯೂಟರಿನ ವೈರಿಗೆ ಮೂರು ಪಿನ್ನಿನ ಪ್ಲಗ್ಗಿತ್ತು. ನಮ್ಮ ಬಾಡಿಗೆ ಮನೆಯ ಗೋಡೆಯಲ್ಲಿ ಎರಡೇ ತೂತಿತ್ತು. ಖಾಜಾಸಾಬರು ಹೋಗುವಾಗ, "ಸರ್, ಮೂರು ತೂತಿನ ಬೋರ್ಡ್ ಹಾಕಿಸ್ಕೊಂಡು ಆಮ್ಯಾಲ ಚಾಲೂ ಮಾಡ್ರಿ. ಅರ್ತಿಂಗ್ ಬೇಕೇಬೇಕು. ನಿಮಗೇನು ಹೇಳೋದೈತಿ, ನೀವಾ ಮಕ್ಕಳಿಗೆ ಹೇಳಾವ್ರು" ಎಂದರು. ಹೌದು, ಹೇಳುವವನೇ. ಪ್ರತಿ ವರ್ಷ ಜುಲೈ ತಿಂಗಳಲ್ಲಿ, ಬೋರ್ಡಿನ ಮೇಲೆ ಚಿತ್ರ ಬರೆದು, ಮೂರನೆಯ ಪಿನ್ನು ಮನುಷ್ಯನ ಪ್ರಾಣವನ್ನು ಹೇಗೆ ಉಳಿಸುತ್ತದೆ ಎಂದು ಹೇಳುತ್ತೇನೆ. ಹೇಳಿ ಹೇಳಿ ನನಗೆ ಅದು ಎಷ್ಟು ಬಾಯಿಪಾಠವಾಗಿತ್ತೆಂದರೆ, ಅರ್ಥವಾಗುವುದು ನಿಂತುಹೋಗಿತ್ತು. ಎಲೆಕ್ಟ್ರಿಶಿಯನ್ ನಾಳೆ ಬರುತ್ತೇನೆ ಎಂದು ಮೂರು ನಾಳೆಗಳನ್ನು ಕಳೆದ. ನಾಲ್ಕನೆಯ ದಿನ ನಾನು ಕಾಲೇಜಿನ ಲ್ಯಾಬಿನಿಂದ ಗರಗಸದ ಬ್ಲೇಡು ತಂದು ಆ ಮೂರನೆಯ ಪಿನ್ನನ್ನು ಕೊಯ್ದುಹಾಕಿದೆ. ಪ್ಲಗ್ಗು ಗೋಡೆಗೆ ಸಲೀಸಾಗಿ ಕೂತಿತು. ಆ ಹಿತ್ತಾಳೆಯ ತುಂಡು ಹೊಳೆಯುತ್ತಿತ್ತು. ಚೆನ್ನಾಗಿದೆಯೆಂದು ಪೆನ್ನಿನ ಡಬ್ಬಿಯಲ್ಲಿ ಹಾಕಿಟ್ಟೆ.

ನಮ್ಮತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೊಂದು ಅಭ್ಯಾಸವಿತ್ತು. ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕರೆಂಟಿನ ಯಾವ ವಸ್ತುವನ್ನೇ ಆಗಲಿ ಹಿಡಿಯುವುದಕ್ಕೆ ಮುಂಚೆ ಬೆರಳುಗಳ ಹಿಂಬದಿಯಿಂದ ಒಮ್ಮೆ ಮೆಲ್ಲಗೆ ತಾಗಿಸಿ ನೋಡುತ್ತಿದ್ದರು, ಮಗುವಿಗೆ ಜ್ವರ ಬಂದಿದೆಯೇ ಎಂದು ಕೆನ್ನೆ ಮುಟ್ಟಿ ನೋಡುವ ಹಾಗೆ. ಸಿರುಗುಪ್ಪದ ಗದ್ದೆಗಳಲ್ಲಿ ಮೋಟರಿನ ಡಬ್ಬಿ ತೆರೆಯುವವರೆಲ್ಲ ಹೀಗೇ ಮಾಡುತ್ತಾರಂತೆ; ಕರೆಂಟು ಹೊಡೆದರೆ ಅಂಗೈ ಹಿಡಿದುಕೊಂಡುಬಿಡುತ್ತದೆ, ಹಿಂಗೈ ದೂರ ಸರಿಯುತ್ತದೆ ಎಂದು. ಡಬ್ಬಿಯ ಪಕ್ಕದಲ್ಲಿ ಒಂದು ಒಣ ಕಟ್ಟಿಗೆಯನ್ನೂ ಇಟ್ಟಿರುತ್ತಾರಂತೆ. ನನಗೋ ಇದು ದೊಡ್ಡ ತಮಾಷೆ. ಸ್ಟಾಫ್ ರೂಮಿನಲ್ಲಿ ಅತ್ತೆಯ ಹಾಗೆ ಟೀ ಫ್ಲಾಸ್ಕಿಗೆ ಬೆರಳ ಹಿಂಬದಿ ತಾಗಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಒಮ್ಮೆ ನಮ್ಮಲ್ಲಿಗೆ ಬಂದಿದ್ದಾಗ ಅತ್ತೆ ಕಂಪ್ಯೂಟರಿನ ಮೇಲಿನ ಧೂಳು ಒರೆಸಲು ಹೋಗಿ, ತಾಗಿಸಿ, ಕೈ ಹಿಂದಕ್ಕೆಳೆದುಕೊಂಡು, "ಅಳಿಯಂದಿರ, ಇದು ಜುಂ ಅಂತೈತ್ರಿ" ಎಂದರು.

"ಅದು ಸ್ಟ್ಯಾಟಿಕ್ ಕರೆಂಟ್ ಅತ್ತಿ. ಏನೂ ಮಾಡಂಗಿಲ್ಲ."

"ಹೌದೇನ್ರಿ. ನಮ್ಮ ಕಡಿ ಕರೆಂಟಿಗೆ ಅಷ್ಟು ಹೆಸರಿಲ್ಲ ನೋಡ್ರಿ" ಎಂದು ಒಣ ಬಟ್ಟೆಯಿಂದ ದೂರ ನಿಂತೇ ಧೂಳು ಕೊಡವಿ ಹೋದರು.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಎರ್ರಿಸ್ವಾಮಣ್ಣನ ಆಟದಲ್ಲೊಂದು ಘಾಟಿ ಇತ್ತು. ತುಂಬಿದ ಲಾರಿ ಆ ಘಾಟಿಯ ಮೂರನೆಯ ತಿರುವಿಗೆ ಬಂದೊಡನೆ ಪರದೆ ತಡವರಿಸುತ್ತಿತ್ತು. ಲಾರಿ ಒಂದು ಹೆಜ್ಜೆ ಹೋಗಿ, ನಿಂತು, ಎರಡು ಹೆಜ್ಜೆ ಹಾರಿ, ಸೀದಾ ಕಣಿವೆಗೆ ಬೀಳುತ್ತಿತ್ತು. ಪ್ರತಿ ಭಾನುವಾರ ಎಂಟು ಹತ್ತು ಸಲ ಬೀಳುತ್ತಿತ್ತು. "ಏ ಮೇಷ್ಟ್ರಾ, ಗಾಡಿಗೆ ಪಿಕಪ್ಪಾ ಇಲ್ಲಲ್ಲೋ. ಏರಿನಾಗ ಎಳೆಂಗಾ ಇಲ್ಲ. ಎಂಜಿನ್ ಯಾವ್ದು ಹಾಕೀದಿ ಇದಕ್ಕ?" ಎಂದ. ಪ್ರೊಸೆಸರ್ ಎನ್ನುವುದು ಕಂಪ್ಯೂಟರಿನ ಎಂಜಿನ್ ಇದ್ದ ಹಾಗೆ, ಅದಕ್ಕೆ ಕಂಪನಿಯವರೇ ಇಷ್ಟು ವೇಗ ಎಂದು ಗೊತ್ತು ಮಾಡಿರುತ್ತಾರೆ, ಬೇಕಾದರೆ ಅದನ್ನು ಮೀರಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ ಎಂದು ನಾನೇ ಹೇಳಿದೆ. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೂರು ಲಾರಿಯ ಮಾಲಕನ ಮುಂದೆ ಸೈಕಲ್ಲಿನ ಮೇಷ್ಟರಿಗೆ ತನ್ನ ವಿದ್ಯೆ ತೋರಿಸುವ ಅವಕಾಶ ಎಷ್ಟು ಸಲ ಸಿಗುತ್ತದೆ? ಅವನ ಮುಖ ಅರಳಿತು.

"ಅಂದ್ರ ಕಂಪನ್ಯಾವ ಹತ್ತು ಟನ್ ಅಂತ ಬರ್ದಾನ, ನಾವು ಇಪ್ಪತ್ತು ಹೊರಸಾದು."

"ಹಂಗಲ್ಲಣ್ಣ. ಸ್ವಲ್ಪ ಸ್ವಲ್ಪ ಏರಿಸ್ಬೇಕು."

"ಬರ್ದಾವ ಯಾವಾಗ್ಲೂ ಹೆದ್ರಿ ಬರ್ದಿರ್ತಾನಲೇ. ನಾನು ನೋಡೀನಿಲ್ಲ? ಸ್ಪ್ರಿಂಗ್ ಪಟ್ಟಿ ಎರಡು ಹೆಚ್ಚಿಗಿ ಹಾಕಿದ್ರ ಎಂಥಾ ಗಾಡಿನಾದ್ರೂ ಹೊರ್ತೈತಿ."

ಸೈಬರ್ ಕೆಫೆಯಿಂದ ಹಾಳೆಗಟ್ಟಲೆ ಪ್ರಿಂಟು ತೆಗೆಸಿ ಓದಿದೆ. ಎಲ್ಲದರಲ್ಲೂ ಒಂದೇ ಬುದ್ಧಿವಾದ. ಕಂಪ್ಯೂಟರ್ ಶುರುವಾಗುವಾಗ ಬರುವ ಬಯೋಸ್ ಎಂಬ ನೀಲಿ ಪರದೆಗೆ ಹೋಗಿ ವೇಗವನ್ನು ಒಂದು ಮೆಟ್ಟಿಲು ಮಾತ್ರ ಏರಿಸಿ. ಆಮೇಲೆ ಗಂಟೆಗಟ್ಟಲೆ ಅದಕ್ಕೆ ಕಠಿಣ ಲೆಕ್ಕ ಕೊಟ್ಟು ದುಡಿಸಿ, ಬಿಸಿ ಎಷ್ಟಾಯಿತು ನೋಡಿ. ಕಂಪ್ಯೂಟರ್ ತಾನಾಗಿ ನಿಂತುಹೋದರೆ ಒಂದು ಮೆಟ್ಟಿಲು ಇಳಿಸಿ, ಇಲ್ಲವೇ ವೋಲ್ಟೇಜನ್ನು ಕೂದಲೆಳೆಯಷ್ಟು ಹೆಚ್ಚಿಸಿ. ಬೇಕಾದ್ದು ಅತಿ ವೇಗವಲ್ಲ, ನಿಲ್ಲದೆ ಓಡುವ ವೇಗ. ಇದನ್ನು ಓದಿ ಹೇಳಿದರೆ ಎರ್ರಿಸ್ವಾಮಣ್ಣ ಆಕಳಿಸಿದ. "ಬುಟ್ಟಿ ಬುಟ್ಟಿ ಹಾಕಿದ್ರ ಗಾಡಿ ತುಂಬಾದ್ಯಾವಾಗೋ ಮೇಷ್ಟ್ರಾ? ಜೆಸಿಬಿಲಿಂದ ಸುರುವು." ಆದರೂ ನಾನು ಹಠ ಹಿಡಿದು ಎರಡು ಮೆಟ್ಟಿಲು ಏರಿಸಿದೆ. ಲಾರಿ ಮೂರನೆಯ ತಿರುವು ದಾಟಿತು. ಐದನೆಯ ತಿರುವಿನಲ್ಲಿ ಕಣಿವೆಗೆ ಬಿತ್ತು. ಅಲ್ಲಿಗೆ ಸಾಕು ಮಾಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಎರಡು ತಿರುವು ದಾಟಿದ ಮನುಷ್ಯನಿಗೆ ಉಳಿದ ತಿರುವುಗಳು ತನ್ನ ಹಕ್ಕು ಎನಿಸುತ್ತವೆ. ನನಗೂ ಅಷ್ಟೇ. ಸೋಮವಾರ ಕಾಲೇಜಿಗೆ ಹೋದಾಗ ನಾನು ಸ್ವಲ್ಪ ಎದೆಯುಬ್ಬಿಸಿ ನಡೆಯುತ್ತಿದ್ದೆ ಎಂದು ನೆನಪು.

ಮುಂದಿನ ಭಾನುವಾರಗಳಲ್ಲಿ ನಾನು ಮೆಟ್ಟಿಲು ಏರಿಸುತ್ತಾ ಹೋದೆ, ಬಳ್ಳಾರಿಯ ಬಿಸಿಲೂ ತನ್ನ ಮೆಟ್ಟಿಲು ಏರುತ್ತಾ ಹೋಯಿತು. ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ನೀಲಿ ಮುಖ ಮಾಡಿಕೊಂಡು ನಿಲ್ಲತೊಡಗಿತು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ನೋಡಿದರೆ, ಪ್ರೊಸೆಸರಿನ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಗಣಿಯ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ತೂಕ ಹಾಕಿದ್ದರೆ ಅದನ್ನೂ ಯಾರಾದರೂ ಚೀನಾಕ್ಕೆ ಕಳಿಸುತ್ತಿದ್ದರೇನೋ. ಧೂಳು ತೆಗೆದೆವು. ಆ ರೆಕ್ಕೆಗಳಿಗೂ ಪ್ರೊಸೆಸರಿಗೂ ನಡುವೆ ಹಚ್ಚುವ ಬಿಳಿ ಪೇಸ್ಟು ಒಣಗಿಹೋಗಿತ್ತು. ಹೊಸದು ಬಳ್ಳಾರಿಯಲ್ಲಿ ಸಿಗಲಿಲ್ಲ. ಎರ್ರಿಸ್ವಾಮಣ್ಣ ಕಾರಿನ ಡಿಕ್ಕಿಯಿಂದ ಲಾರಿಯ ಗ್ರೀಸಿನ ಡಬ್ಬಿ ತಂದು, ನಾನು ಬೇಡ ಎನ್ನುವಷ್ಟರಲ್ಲಿ ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿಬಿಟ್ಟ. ಅಂದಿನಿಂದ ಕಂಪ್ಯೂಟರ್ ಹಚ್ಚಿದರೆ ನಮ್ಮ ನಡುಮನೆ ಲಾರಿ ಗ್ಯಾರೇಜಿನಂತೆ ನಾರುತ್ತಿತ್ತು. ಎರ್ರಿಸ್ವಾಮಣ್ಣನಿಗೆ ಅದೇ ಸುಖ. ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದು, "ಈಗ ನೋಡು ಗಾಡಿ ಅನಸ್ತೈತಿ" ಎಂದ. ಆದರೆ ಗಾಡಿ ನಿಲ್ಲುವುದು ನಿಲ್ಲಲಿಲ್ಲ.

ಆ ಭಾನುವಾರ ನನ್ನ ಹೆಂಡತಿ ಶಾಂತಾ, ಎರ್ರಿಸ್ವಾಮಣ್ಣನೊಂದಿಗೆ ಬಂದಿದ್ದ ತನ್ನ ಅಕ್ಕನನ್ನು ಕರೆದುಕೊಂಡು ಸೀರೆ ಅಂಗಡಿಗೆ ಹೋಗಿದ್ದಳು. ಬೇಸಿಗೆಗೆಂದು ಸಿರುಗುಪ್ಪದಿಂದ ಬಂದಿದ್ದ ಅತ್ತೆ ಅಡುಗೆಮನೆಯಲ್ಲಿ ಮರದ ಮಣೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿಲು. ಎರ್ರಿಸ್ವಾಮಣ್ಣನಿಗೆ ಒಂದು ಯೋಚನೆ ಹೊಳೆಯಿತು. ನಮ್ಮ ನಡುಮನೆಯಲ್ಲೊಂದು ಕೂಲರ್ ಇತ್ತು. ತೊಟ್ಟಿಯ ನೀರನ್ನು ಹುಲ್ಲಿನ ಪಟ್ಟಿಗಳ ಮೇಲೆ ಸುರಿಸಿ, ಫ್ಯಾನಿನಿಂದ ತಂಪು ಗಾಳಿ ಬೀಸುವ ತಗಡಿನ ಡಬ್ಬ. "ಮನುಷ್ಯಾರಿಗೆ ತಂಪು ಬೇಕು, ಅದಕ್ಕ ಬ್ಯಾಡೇನು?" ಎಂದು ಕೂಲರನ್ನು ಎಳೆದು ತಂದು, ಅದರ ಬಾಯನ್ನು ತಗಡು ಬಿಚ್ಚಿದ್ದ ಕ್ಯಾಬಿನೆಟ್ಟಿಗೆ ಮುಟ್ಟಿಸಿ ನಿಲ್ಲಿಸಿದ. ಎಳೆಯುವಾಗ ತೊಟ್ಟಿಯ ನೀರು ತುಳುಕಿ ನೆಲವೆಲ್ಲ ಒದ್ದೆ. ನಾನು ತಡೆದೆನೇ? ಇಲ್ಲ. ಆವಿಯಾಗುವಿಕೆಯಿಂದ ಉಷ್ಣ ಕಡಿಮೆಯಾಗುತ್ತದೆ ಎಂದು ಅವನಿಗೆ ಕಾರಣ ವಿವರಿಸಿದೆ. ವಿವರಿಸಿ, ನೀಲಿ ಪರದೆಗೆ ಹೋಗಿ, ಒಂದಲ್ಲ, ನಾಲ್ಕು ಮೆಟ್ಟಿಲು ಒಟ್ಟಿಗೆ ಏರಿಸಿದೆ.

ಲಾರಿ ಹೊರಟಿತು. ಮೂರನೆಯ ತಿರುವು ದಾಟಿತು. ಐದನೆಯದೂ ದಾಟಿತು. ಪರದೆ ಒಮ್ಮೆಯೂ ತಡವರಿಸಲಿಲ್ಲ. ಕೂಲರಿನ ಗಾಳಿಯೊಡನೆ ಸಣ್ಣ ಸಣ್ಣ ಹನಿಗಳೂ ಹಾರಿ ಕಂಪ್ಯೂಟರಿನ ಒಳಗೆ, ಕರೆಂಟು ಬರುವ ಡಬ್ಬಿಯ ಒಳಗೆ ಹೋಗುತ್ತಿದ್ದವು. ಅದನ್ನು ನಾನು ಈಗ ನೋಡುತ್ತೇನೆ, ದಿನಕ್ಕೆ ಹತ್ತು ಸಲ ನೋಡುತ್ತೇನೆ, ಅಂದು ಮಾತ್ರ ನೋಡಲಿಲ್ಲ. ಏಳನೆಯ ತಿರುವಿನಲ್ಲಿ ಎರ್ರಿಸ್ವಾಮಣ್ಣ, "ಇನ್ನೊಂಚೂರು ಗಾಳಿ ತಗಳ್ಲಿ" ಎಂದು ಎಡಗೈ ಚಾಚಿ ಕ್ಯಾಬಿನೆಟ್ಟಿನ ಚೌಕಟ್ಟು ಹಿಡಿದು ತಿರುಗಿಸಲು ಹೋದ. ಬಲಗಾಲು ಪೆಡಲಿನ ಮೇಲೆ, ಬರಿಯ ಎಡಗಾಲು ಒದ್ದೆ ನೆಲದ ಮೇಲೆ. ಅವನ ಬಾಯಿಂದ ಒಂದು ಸದ್ದು ಬಂತು. ಅದು ಮಾತಲ್ಲ, ಕೂಗೂ ಅಲ್ಲ. ಎಡಗೈಯ ಬೆರಳುಗಳು ಚೌಕಟ್ಟಿನ ಸುತ್ತ ಮುಚ್ಚಿಕೊಂಡವು, ಮತ್ತೆ ತೆರೆಯಲಿಲ್ಲ. ಮೈಯೆಲ್ಲ ಕಟ್ಟಿಗೆಯಂತೆ ಸೆಟೆದು ನಡುಗುತ್ತಿತ್ತು. ಬಲಗಾಲೂ ಸೆಟೆದು ಪೆಡಲನ್ನು ಪೂರ್ತಿ ಒತ್ತಿ ಹಿಡಿದಿತ್ತು. ಪರದೆಯ ಮೇಲೆ ಲಾರಿ ಏರುತ್ತಿತ್ತು. ಎಂಟನೆಯ ತಿರುವು ದಾಟಿತು. ಎಂದೂ ಓಡದಷ್ಟು ನಯವಾಗಿ ಓಡುತ್ತಿತ್ತು. ಈ ಮಾತನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಪಕ್ಕದಲ್ಲಿ ಒಬ್ಬ ಮನುಷ್ಯ ಸಾಯುತ್ತಿರುವಾಗ, ನಾನು ಪರದೆಯನ್ನು ನೋಡುತ್ತಿದ್ದೆ. ಸ್ಥಿರವಾಗಿದೆಯಲ್ಲಾ, ಎಂದುಕೊಳ್ಳುತ್ತಿದ್ದೆ.

ಆಮೇಲೆ ಅವನ ಮುಖ ಕಂಡಿತು. ಕಂಡ ಮೇಲಾದರೂ ಓಡಿ ಮೇನ್ ಸ್ವಿಚ್ ಆರಿಸಬೇಕಿತ್ತು. ನನ್ನ ಕಾಲು ಅಲುಗಲಿಲ್ಲ. "ಮುಟ್ಟಬಾರದು, ಮುಟ್ಟಬಾರದು" ಎಂದು ಪಾಠ ಹೇಳುವ ದನಿಯಲ್ಲಿ ಹೇಳುತ್ತಾ ನಿಂತೆ. ಮುಟ್ಟಲು ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿದರು. ಒಂದು ಸಲ ನೋಡಿದರು. ಹಿಂದಿರುಗಿ, ತಾವು ಕುಳಿತಿದ್ದ ಮಣೆ ತಂದು, ಒದ್ದೆಯಿಲ್ಲದ ಕಡೆ ಕಾಲೂರಿ ನಿಂತು, ಎರಡೂ ಕೈಯಿಂದ ಬೀಸಿ, ಹಿರಿಯ ಅಳಿಯನ ಮೊಣಕೈಗೆ ಹೊಡೆದರು. ಮೊದಲ ಏಟಿಗೆ ಕೈ ಬಿಡಲಿಲ್ಲ. ಎರಡನೆಯ ಏಟಿಗೆ ಬಿಟ್ಟಿತು. ಎರ್ರಿಸ್ವಾಮಣ್ಣ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಮಣೆ ನನ್ನ ಕಾಲ ಬಳಿ ಬಿತ್ತು. ಅತ್ತೆ ಪ್ಲಗ್ಗಿನ ಮೇಲಿನ ಸ್ವಿಚ್ಚನ್ನು ಬೆರಳ ಹಿಂಬದಿಯಿಂದ ಆರಿಸಿ, ನೀರು ತರಲು ಒಳಗೆ ಹೋದರು.

ಆಗ ನನಗೆ ಜೀವ ಬಂತು. ಏನಾದರೂ ಮಾಡಬೇಕೆನಿಸಿತು. ಬಗ್ಗಿ ಮಣೆಯನ್ನು ಎತ್ತಿಕೊಂಡೆ. ಅದೇ ಕ್ಷಣಕ್ಕೆ ಎರ್ರಿಸ್ವಾಮಣ್ಣ ಕಣ್ಣು ತೆರೆದ. ಮಣೆ ಹಿಡಿದು ನಿಂತ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. "ಮೇಷ್ಟ್ರಾ... ನನ್ನ ಉಳಿಸಿದಲೋ" ಎಂದ.

ಆಸ್ಪತ್ರೆಯಲ್ಲಿ ಎರಡು ಬೆರಳಿಗೆ ಪಟ್ಟಿ ಹಾಕಿ, ಎದೆಯ ಇಸಿಜಿ ತೆಗೆದು, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ನಿಜ ಹೇಳಿಬಿಡಬೇಕೆಂದು ನಾನು ಆಸ್ಪತ್ರೆಯ ವರಾಂಡದಲ್ಲಿ ಅತ್ತೆಗೆ ಹೇಳಿದಾಗ ಅವರು ಗಾಬರಿಯಾದರು. ಕರೆಂಟಿಗೆ ಹೆದರದವರು ಆ ಮಾತಿಗೆ ಹೆದರಿದರು. "ಬ್ಯಾಡ್ರಿ ಅಳಿಯಂದಿರ, ನಿಮಗ ಕೈ ಮುಗೀತೀನಿ. ಷಡ್ಡಕ ಷಡ್ಡಕನ್ನ ಹೊಡದ ಅಂದ್ರ ನಡೀತೈತಿ. ಅತ್ತಿ ದೊಡ್ಡಳಿಯನ್ನ ಮಣಿಲಿಂದ ಹೊಡದ್ಲು ಅಂದ್ರ ಕುರುಗೋಡಿನಾಗ ಏನಂತಾರ? ನಾಳಿ ನನ್ನ ಮಗಳು ಆ ಮನ್ಯಾಗ ಬಾಳೇ ಮಾಡಬೇಕು. ನೀವಾ ಹೊಡ್ದೀರಿ ಅಂತ ಇರ್ಲಿ." ನಾನು ಬಹಳ ಹೊತ್ತು ಯೋಚಿಸಿದವನಂತೆ ಮುಖ ಮಾಡಿ, ಮನೆತನದ ಮರ್ಯಾದೆಗಾಗಿ ಒಪ್ಪಿಕೊಂಡೆ. ತ್ಯಾಗ ಮಾಡುವುದು ಇಷ್ಟು ಸುಲಭ ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಖಾಜಾಸಾಬರು ಬಂದು ಎಲ್ಲವನ್ನೂ ಬಿಚ್ಚಿ ನೋಡಿದರು. ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿ, "ಯಾ ಅಲ್ಲಾ" ಎಂದರು. ಆದರೆ ಪ್ರೊಸೆಸರ್ ಸತ್ತಿರಲಿಲ್ಲ. ನಾವು ಹೊರಿಸಿದ್ದನ್ನೆಲ್ಲ ಅದು ಹೊತ್ತಿತ್ತು. ಆಮೇಲೆ ಅವರು ವೈರನ್ನು ಎಳೆದುಕೊಂಡು ಅದರ ತುದಿಗೆ ಬಂದರು. ಪ್ಲಗ್ಗನ್ನು ಅಂಗೈ ಮೇಲಿಟ್ಟುಕೊಂಡು, ಪಿನ್ನು ಕೊಯ್ದ ಜಾಗವನ್ನು ಉಗುರಿನಿಂದ ಸವರಿದರು. "ಸರ್, ಇದೊಂದು ಇದ್ದಿದ್ರ ಕರೆಂಟು ನೆಲಕ್ಕ ಹೋಗಿ ಫ್ಯೂಸ್ ಹಾರ್ತಿತ್ತು. ಆಟ ಬಂದ್ ಆಕ್ಕಿತ್ತು. ಅಷ್ಟಾ. ಇದನ್ನ ಯಾರು ಕೊಯ್ದಾರ್ರಿ?" ನಾನು ಪಾಠದ ನಡುವೆ ಪ್ರಶ್ನೆ ಕೇಳಿಸಿಕೊಂಡ ಹಿಂದಿನ ಬೆಂಚಿನ ಹುಡುಗನಂತೆ ಕಿಟಕಿಯ ಹೊರಗೆ ನೋಡಿದೆ. ಅತ್ತೆ ಟೀ ತಂದಿಟ್ಟು, "ಬಿಡು ಖಾಜಾ. ಅದು ಸ್ಟ್ಯಾಟಿಕ್ ಕರೆಂಟಂತ" ಎಂದು ಒಳಗೆ ಹೋದರು. ಅಂದರೆ ಅವರಿಗೆ ಎಲ್ಲವೂ ಅರ್ಥವಾಗಿತ್ತು.

ಎರ್ರಿಸ್ವಾಮಣ್ಣ ಸುಮ್ಮನಿರುವವನಲ್ಲ. ನನ್ನ ಸಾಹಸಕ್ಕೂ ಅವನು ಪರ್ಮಿಟ್ಟಿಗಿಂತ ಹೆಚ್ಚು ಲೋಡು ಹಾಕಿದ. ಆ ಕಥೆ ಕುರುಗೋಡು ತಲುಪುವಷ್ಟರಲ್ಲಿ ಅದರಲ್ಲಿ ನಾನು ಕಿಟಕಿ ಒಡೆದು ಒಳಗೆ ಹಾರಿದ್ದೆ. ಎರಡು ತಿಂಗಳ ನಂತರ ಅವನ ಹೊಸ ಮನೆಯ ಗೃಹಪ್ರವೇಶ. ಶಾಮಿಯಾನ, ಮೈಕು, ನಾಲ್ಕುನೂರು ಜನ, ಅದರಲ್ಲಿ ಮುನ್ನೂರು ಬಿಳಿ ಅಂಗಿ. ನನ್ನನ್ನು ವೇದಿಕೆಗೆ ಕರೆದರು. ಬಿಸಿಲಿಗೆ ತಲೆ ಸಿಡಿಯುವ ಹೊತ್ತಿನಲ್ಲಿ ಒಂದು ಉಣ್ಣೆಯ ಶಾಲು ಹೊದಿಸಿ, ಹಾರ ಹಾಕಿದರು. ಎರ್ರಿಸ್ವಾಮಣ್ಣ ಕಪ್ಪಾದ ಎರಡು ಬೆರಳುಗಳನ್ನು ಮೇಲೆತ್ತಿ ತೋರಿಸಿ, "ಮನಿಯಾಗ ಒಬ್ರು ಓದಿದಾರು ಇರಬೇಕ್ರೀ. ಇಲ್ಲಂದ್ರ ನಾನು ಇವತ್ತು ಫೋಟೋದಾಗ ಇರ್ತಿದ್ದೆ" ಎಂದು ಕಣ್ಣೊರೆಸಿಕೊಂಡ. ಮೈಕು ಬಿಡುವ ಮುಂಚೆ ನನ್ನ ಕಿವಿಯಲ್ಲಿ, "ಹೊಸಾ ಕಂಪ್ಯೂಟರ್ ತರ್ಸೀನಿ. ಈ ಸಲ ಡಬಲ್ ಬ್ಯಾಡ, ಒಂದೂವರಿ ಸಾಕು" ಎಂದ.

ನಾಲ್ಕು ಮಾತಾಡಿ ಎಂದು ಮೈಕಿನ ಕಡೆ ಕೈ ತೋರಿಸಿದರು. ಕಬ್ಬಿಣದ ಸ್ಟ್ಯಾಂಡು. ಅದರ ವೈರು ಶಾಮಿಯಾನದ ಅಂಚಿನಲ್ಲಿ, ಈಗಷ್ಟೇ ತೊಳೆದ ಒದ್ದೆ ನೆಲದ ಮೇಲೆ ಹಾದು ಎಲ್ಲಿಗೋ ಹೋಗಿತ್ತು. ನಾನು ಹತ್ತಿರ ಹೋದೆ. ಹಿಡಿಯಲು ಚಾಚಿದ ಕೈ ತಾನಾಗಿ ಮಗುಚಿಕೊಂಡಿತು. ನಾಲ್ಕುನೂರು ಜನರ ಮುಂದೆ, ಬೆರಳುಗಳ ಹಿಂಬದಿಯಿಂದ ಆ ಸ್ಟ್ಯಾಂಡನ್ನು ಮೆಲ್ಲಗೆ ತಾಗಿಸಿ, ಒಂದು ಕ್ಷಣ ಕಾದೆ. ಮೈಕಿಗೂ ನಮಸ್ಕಾರ ಮಾಡುವ ವಿನಯವಂತ ಎಂದುಕೊಂಡು ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಕುಳಿತಿದ್ದ ನಮ್ಮತ್ತೆ ಮಾತ್ರ ತಟ್ಟಲಿಲ್ಲ. ಪಾಠ ಒಪ್ಪಿಸಿದ ಹುಡುಗನಿಗೆ ಮೇಷ್ಟರು ಮಾಡುವಂತೆ, ಒಮ್ಮೆ ತಲೆಯಾಡಿಸಿದರು.